ಮೂತಿ ಎತ್ತುತ್ತಿದ್ದ ಬಸ್ಸು ನೆಲ ಹಿಡಿಯಿತು: 1:20 ಮಾದರಿ, ಮೂರನೇ ತಿಂಗಳು

ಇವತ್ತು ಬೆಳಿಗ್ಗೆ ಬಿಸಿಲೇರುವ ಮೊದಲೇ, ಕೊಪ್ಪಳದ ನಮ್ಮ ಮನೆ ಮಾಳಿಗೆ ಮೇಲೆ ನಾನು ಅಸಲಿಯ ಇಪ್ಪತ್ತರಲ್ಲೊಂದು ಅಳತೆಗೆ ಕಟ್ಟಿದ, ಮೋಟಾರಿನಿಂದ ಓಡುವ ವೋಲ್ವೊ ಬಿ7ಆರ್ ಬಸ್ಸಿನ ಮಾದರಿ ಪ್ಲೈವುಡ್ ದಿಬ್ಬ ಹತ್ತಿತು. ಮೇಲೆ ಹೋಗಿ ಎಡಕ್ಕೆ ಹೊರಳಿ, ನೀರಿನ ಟ್ಯಾಂಕ್ ಸುತ್ತಿ ಇಳಿದು ಬಂತು. ಹನ್ನೊಂದು ದಿನ ಬೇಕಾಯಿತು ಇದಕ್ಕೆ. ಚಾಸಿ (ಬಸ್ಸಿನ ಅಡಿಚೌಕಟ್ಟು) ಕತ್ತರಿಸಿದ್ದು, ಸನ್‌ಬೋರ್ಡ್ (ಹಗುರ ಫೋಮ್ ಹಾಳೆ) ಅಂಟಿಸಿದ್ದು, ಪ್ರೈಮರ್ ಹೊಡೆದದ್ದು ಮಾದರಿ ಕಟ್ಟುವ ನಿಮಗೆ ಹೊಸದಲ್ಲ, ಅದನ್ನು ಬಿಡುತ್ತೇನೆ.

ಮೊದಲು ಕಟ್ಟಿದ್ದು ನಮ್ಮ ಕೆಂಪು ಬಸ್ಸು, ಲೇಲ್ಯಾಂಡ್ ವೈಕಿಂಗ್. ಅಸಲಿ ಗಾಡಿಯ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಆಕ್ಸಲ್ ನಡುವಿನ ಅಂತರ, 222 ಇಂಚು, ನಮ್ಮ ಅಳತೆಗೆ 28.2 ಸೆಂ.ಮೀ. ಮೋಟಾರು ಡ್ರೈವರ್ ಪಕ್ಕದಲ್ಲಿ, ಅಲ್ಲಿಂದ ಹಿಂದಿನ ಆಕ್ಸಲ್ ಹೌಸಿಂಗ್‌ವರೆಗೆ ಚಕ್ರ ತಿರುಗಿಸುವ ಉದ್ದನೆಯ ಶಾಫ್ಟು. ಒಂದೇ ತುಂಡು ಹಾಕಿದರೆ ವೇಗಕ್ಕೆ ಬಾಗಿ ನೆಲಹಲಗೆಗೆ ತಟತಟ ಬಡಿಯುತ್ತಿತ್ತು. ಎರಡು ತುಂಡು ಮಾಡಿ ನಡುವೆ ಬೇರಿಂಗ್ ಕೊಟ್ಟ ಮೇಲೆ ಸುಮ್ಮನಾಯಿತು. ಅಸಲಿ ಗಾಡಿಗಳಲ್ಲಿ ಸೆಂಟರ್ ಬೇರಿಂಗ್ ಇರುವುದೂ ಇದಕ್ಕೇ. ತೂಕ ನೋಡಿದರೆ ಮುಂದೆ 450 ಗ್ರಾಂ, ಹಿಂದೆ 320. ಸ್ಟೇರಿಂಗ್ ಹೇಳಿದಂತೆ ಕೇಳುತ್ತದೆ, ಆದರೆ ದಿಬ್ಬದಲ್ಲಿ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ. ಮಳೆಗಾಲದ ಎರೆಮಣ್ಣಿನಲ್ಲಿ ಖಾಲಿ ಬಸ್ಸು ಹೂತುಕೊಂಡು ಗೋಳಾಡುವುದನ್ನು ನೋಡಿದವರಿಗೆ ಇದು ಗುರುತು ಸಿಕ್ಕೀತು. ಜನ ಹತ್ತಿದ ಮೇಲೆ ಅದೇ ಗಾಡಿ ಹಿಡಿತ ತಗೊಳ್ಳುತ್ತದೆ.

ಬಿ7ಆರ್ ಇದರ ತದ್ವಿರುದ್ಧ. 2001ರಲ್ಲಿ ಇದು ನಮ್ಮ ದೇಶಕ್ಕೆ ಬಂದಾಗ, ಬಾನೆಟ್ ಕಾವು ಇಲ್ಲದ ಬಸ್ಸು ಅನ್ನುವುದೇ ಬೆರಗು. ಇಂಜಿನ್ ಹಿಂದಿನ ಆಕ್ಸಲ್‌ನಿಂದಾಚೆ, ಶಾಫ್ಟು ಗಿಡ್ಡ, ನಡುವಿನ ಜಾಗವೆಲ್ಲ ಡಿಕ್ಕಿಗೆ. ನಾನೂ ಹಾಗೇ ಮಾಡಿದೆ. ಒಟ್ಟು ಉದ್ದ 60 ಸೆಂ.ಮೀ., ವೀಲ್‌ಬೇಸ್ 30. 180 ಗ್ರಾಂ ಮೋಟಾರು, 100 ಗ್ರಾಂ ಬ್ಯಾಟರಿ, ಎರಡನ್ನೂ ಹಿಂದಿನ ಆಕ್ಸಲ್‌ನಿಂದ 10 ಸೆಂ.ಮೀ. ಹಿಂದೆ ಕೂರಿಸಿದೆ.

ನಡುವೆ ಒಂದು ಸಂಕಟ. ಆನ್‌ಲೈನ್ ಅಂಗಡಿಯೊಂದರಿಂದ ಶಾಫ್ಟು ಓರೆಯಾದರೂ ತಿರುಗುವಂತೆ ಜೋಡಿಸುವ ಯೂನಿವರ್ಸಲ್ ಜಾಯಿಂಟ್ ತರಿಸಿದ್ದೆ. ಕೇಳಿದ್ದು 3 ಎಂಎಂ ತೂತಿನದು, ಬಂದದ್ದು 2.3. ವಾಪಸ್ ಕಳಿಸಿದರೆ ಮತ್ತೆ ಅದೇ ಬಂತು, ಚೀಟಿಯ ಮೇಲೆ ಮಾತ್ರ 3 ಎಂದಿದೆ. ಎಂಟು ದಿನ ಹಾಳು. ಕೊನೆಗೆ ಗಂಗಾವತಿಯಲ್ಲಿ ಲೇತ್ ಹಾಕಿಕೊಂಡಿರುವ ಅಣ್ಣ ಹತ್ತು ನಿಮಿಷದಲ್ಲಿ ತೂತು ದೊಡ್ಡದು ಮಾಡಿಕೊಟ್ಟ. ಅಳತೆ ಸರಿ ಬರೆಯುವ ಅಂಗಡಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಸಪಾಟು ನೆಲದ ಮೇಲೆ ಬಸ್ಸು ಚಂದ ಓಡಿತು. 15 ಡಿಗ್ರಿ ದಿಬ್ಬಕ್ಕೆ ಬಿಟ್ಟು ಒಮ್ಮೆಲೇ ಥ್ರಾಟಲ್ ಕೊಟ್ಟರೆ ಮೂತಿ ಎತ್ತುತ್ತಿತ್ತು. ನೆಲಕ್ಕೆ ಕಣ್ಣು ಹಚ್ಚಿ ಮಲಗಿ ನೋಡಿದೆ. ಮುಂದಿನ ಟೈರಿನ ಕೆಳಗೆ ಬೆಳಕು ಕಾಣುತ್ತಿದೆ, ಸ್ಟೇರಿಂಗ್ ತಿರುಗಿಸುವ ಪುಟ್ಟ ಮೋಟಾರು, ಸರ್ವೊ, ಚಕ್ರವನ್ನು ಪೂರ್ತಿ ಎಡಕ್ಕೆ ತಿರುಗಿಸಿದೆ, ಬಸ್ಸು ಮಾತ್ರ ನೆಟ್ಟಗೆ ಹೋಗಿ ಪ್ಯಾರಾಪೆಟ್‌ಗೆ ಗುದ್ದುತ್ತಿದೆ. ಮುಂದಿನ ಚಕ್ರ ಅಡುಗೆಮನೆ ತಕ್ಕಡಿಯ ಮೇಲೆ, ಹಿಂದಿನದು ಅಷ್ಟೇ ಎತ್ತರದ ಪುಸ್ತಕದ ಮೇಲೆ ಇಟ್ಟು ತೂಗಿದರೆ, 780 ಗ್ರಾಂ ಬಸ್ಸಿನಲ್ಲಿ ಮುಂದೆ ಬಿದ್ದಿದ್ದು 123 ಗ್ರಾಂ. ಆಕ್ಸಲ್‌ನಿಂದಾಚೆ ಕೂತ ಭಾರ ತಾನು ಹಿಂದಿನ ಚಕ್ರ ಒತ್ತುವುದಷ್ಟೇ ಅಲ್ಲ, ಏತದ ಹಾಗೆ ಮುಂದಿನದನ್ನು ಎತ್ತುತ್ತದೆ.

ಮುನಿರಾಬಾದ್ ಕಡೆ ಮೀನು ಬಲೆಗೆ ಕಟ್ಟುವ ಸೀಸದ ಗುಂಡು ತಂದು 120 ಗ್ರಾಂ ಮುಂದೆ ತುಂಬಿದೆ. ಮೂತಿ ಇಳಿಯಿತು, ಮೋಟಾರು ಕಾದಿತು. ಮುಂದಿನ ಇಂಜಿನ್‌ಗೆ ಎದುರುಗಾಳಿ ತಾನಾಗಿ ಸಿಗುತ್ತದೆ. ಹಿಂದಿನದಕ್ಕೆ ಪಕ್ಕದಲ್ಲಿ ರೇಡಿಯೇಟರ್ ಇಟ್ಟು, ಫ್ಯಾನಿನಿಂದ ಗಾಳಿ ಎಳೆಯಬೇಕು. ನನ್ನ ಮೋಟಾರು ಪೆಟ್ಟಿಗೆಗೆ ಜಾಲರಿಯೂ ಇರಲಿಲ್ಲ. ನಾಲ್ಕನೇ ಸುತ್ತಿಗೆ ಮೋಟಾರು ಹಿಡಿದಿದ್ದ ಸನ್‌ಬೋರ್ಡ್ ಮೆತ್ತಗಾಗಿ ಒಂದು ಕಡೆ ಜೋತುಬಿತ್ತು. ಪಕ್ಕದಲ್ಲೇ ಲಿಥಿಯಂ ಬ್ಯಾಟರಿ, ಮುಟ್ಟಿದರೆ ಬಿಸಿ. ಅವತ್ತು ನಿಜಕ್ಕೂ ಹೆದರಿದೆ.

ಪಕ್ಕದ ಮನೆ ಕಾಕಾ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಸಂಜೆ ಬಂದು ಬಸ್ಸು ಬೋರಲು ಹಾಕಿ ನೋಡಿದರು.

"ತಮ್ಮಾ, ಇಂಜಿನ್ ಹಿಂದ ಒಯ್ದಿ, ಬರೋಬ್ಬರಿ. ಡೀಸೆಲ್ ಟ್ಯಾಂಕ್ ಎಲ್ಲಿಟ್ಟಿ?"

"ಇದಕ್ಕ ಎಲ್ಲೀ ಡೀಸೆಲ್ ಕಾಕಾ? ಬ್ಯಾಟರಿ ಐತಿ."

"ಹಂಗಾರ ಬ್ಯಾಟರೀನ ನಿನ್ನ ಟ್ಯಾಂಕ್. ಅದನ್ನ ಮುಂದ ತಾ."

ಹಿಂದೆ ಇಂಜಿನ್ ಇರುವ ಹಲವು ಚಾಸಿಗಳಲ್ಲಿ ಡೀಸೆಲ್ ಟ್ಯಾಂಕ್ ಮುಂದಿನ ಆಕ್ಸಲ್ ಹತ್ತಿರವೇ ಇರುತ್ತದೆ, ಸ್ಟೆಪ್ನಿಯೂ ಮುಂದೆಯೇ. ಜಾಗ ಸಿಕ್ಕಿತೆಂದು ಇಟ್ಟದ್ದು ಅಂದುಕೊಂಡಿದ್ದೆ. ಇಂಜಿನ್ ಹಿಂದೆ ಹೋದ ದಿನವೇ ಉಳಿದ ಸಾಮಾನಿಗೆಲ್ಲ ಹೊಸ ಜಾಗ ಗೊತ್ತುಮಾಡಿರುತ್ತಾರೆ ಎಂದು ಕಾಕಾ ಹೇಳಿದ ಮೇಲೇ ತಿಳಿದದ್ದು. ಸೀಸ ತೆಗೆದೆ. ಬ್ಯಾಟರಿಯನ್ನು ಮುಂದಿನ ಆಕ್ಸಲ್‌ನಿಂದ 4 ಸೆಂ.ಮೀ. ಹಿಂದೆ, ನೆಲಹಲಗೆಯ ಕೆಳಗೆ ಕೂರಿಸಿದೆ. ತಕ್ಕಡಿ 244 ತೋರಿಸಿತು. ಒಟ್ಟು ತೂಕ ಅದೇ 780, ಮುಂದೆ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು. ಮೋಟಾರು ಪೆಟ್ಟಿಗೆಯ ಎಡಕ್ಕೆ ಜಾಲರಿ ಕೊರೆದೆ. ಹಿಂದಿನ ಚಕ್ರದ ಧೂಳು ಒಳಗೆ ಹೋಗದಂತೆ ಗಾಳಿಯ ಬಾಯಿ ಕಿಟಕಿ ಮಟ್ಟಕ್ಕೆ ಎತ್ತಿದೆ, ಅಸಲಿಯಲ್ಲೂ ಹಾಗೇ ಎತ್ತರದಲ್ಲಿರುತ್ತದೆ.

ಈ ಸೀಸ, ಸನ್‌ಬೋರ್ಡ್ ಗದ್ದಲದ ನಡುವೆ ಇನ್ನೊಂದು ಆಸೆ ತಲೆಗೆ ಹೊಕ್ಕಿದೆ. ಇನ್ನು ಕಟ್ಟಬೇಕಿರುವುದು ಮೂತಿ ಹೊರಗಿರುವ ಹಳೇ ಟಾಟಾ ಬೆಂಜ್ ಬಸ್ಸು. ಟಾಟಾ ಮತ್ತು ಬೆಂಜ್ ಕಂಪನಿಗಳ 1954ರ ಒಪ್ಪಂದದ ನಂತರ ಬಂದ ಆ ಗಾಡಿಗಳ ದುಂಡು ಬಾನೆಟ್ ಸನ್‌ಬೋರ್ಡ್‌ನಲ್ಲಿ ಬಾಗುವುದಿಲ್ಲ. ಕಿನ್ನಾಳದ ಚಿತ್ರಗಾರರು ಹಗುರ ಕಟ್ಟಿಗೆಯ ಗೊಂಬೆಗೆ ಹುಣಸೆಬೀಜದ ಅಂಟು, ಕಟ್ಟಿಗೆ ಹೊಟ್ಟು ಕಲಸಿದ ಕಿಟ್ಟ ಮೆತ್ತಿ ದುಂಡಗೆ ತಿದ್ದುತ್ತಾರಲ್ಲ, ಅದನ್ನು ಕಲಿಯಬೇಕು. ಒಬ್ಬ ಹಿರಿಯರು ಬಾ ಅಂದಿದ್ದಾರೆ.

ಅದಕ್ಕೂ ಮೊದಲು ಬಿ7ಆರ್‌ನಲ್ಲಿ ಒಂದು ಕೆಲಸ ಬಾಕಿ. ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಉದ್ದದ ವೈರು ಡಿಕ್ಕಿಯಲ್ಲಿ ನೇತಾಡುತ್ತಿದೆ. ಭಾನುವಾರ ಕ್ಲಿಪ್ಪು ಹಾಕಿ, ಪ್ರತಿ ಸೀಟಿಗೆ ಗೋಲಿಗಳನ್ನಿಟ್ಟು ಜನ ತುಂಬಿದ ತೂಕ ನೋಡುತ್ತೇನೆ. ಗೋಲಿ ಎಣಿಸಲು ಕಾಕಾ ಬರುತ್ತಾರೆ.