ಮಾವನ ಕ್ಯಾಬಿನೆಟ್, ನನ್ನ ರೈಜನ್

ನಮ್ಮ ಮಾವ ರಾಜಾಜಿನಗರದಲ್ಲಿ ಡಿಟಿಪಿ ಸೆಂಟರ್ ಇಟ್ಟಿದ್ದರು. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು. ಮದುವೆ ಪತ್ರಿಕೆ ಟೈಪ್ ಮಾಡುತ್ತಿದ್ದ ಆ ಹಳೇ 486 ಕಂಪ್ಯೂಟರ್‌ನ ಕ್ಯಾಬಿನೆಟ್ ಮಾತ್ರ ಅಟ್ಟದಲ್ಲಿ ಉಳಿದಿತ್ತು. ಮುಂದೆ ಮೆಷಿನ್‌ನ ಸ್ಪೀಡ್ ಬದಲಿಸುವ ಟರ್ಬೊ ಬಟನ್, ಪಕ್ಕದಲ್ಲಿ ಆ ಸ್ಪೀಡ್ ತೋರಿಸುವ ಹಸಿರು ಅಂಕಿಯ ಡಿಸ್‌ಪ್ಲೇ. ಇದರ ಮುಖಕ್ಕೆ ಒಂದು ತೂತೂ ಬೀಳಬಾರದು, ಒಳಗೆ ಮಾತ್ರ ಈ ಕಾಲದ ಮೆಷಿನ್ ಓಡಬೇಕು ಅಂತ ಮೊದಲೇ ಗಟ್ಟಿ ಮಾಡಿಕೊಂಡೆ.

ಎಸ್.ಪಿ. ರಸ್ತೆಯಿಂದ ರೈಜನ್ 5 5600ಜಿ ಪ್ರೊಸೆಸರ್, ಮಿನಿ ಐಟಿಎಕ್ಸ್ ಅನ್ನುವ ಪುಟ್ಟ ಮದರ್‌ಬೋರ್ಡ್ ತಂದೆ. ಬೋರ್ಡ್ 17 ಸೆಂಟಿಮೀಟರ್ ಚೌಕ, ಸುಲಭವಾಗಿ ಕೂತಿತು. ಹೊಸ ಎಸ್‌ಎಂಪಿಎಸ್ (ಕರೆಂಟ್ ಕೊಡುವ ಡಬ್ಬ) ಕೂಡ ಹಳೇ ಸ್ಕ್ರೂ ತೂತುಗಳಿಗೇ ಹೊಂದಿತು. ಆದರೆ ಎಟಿ ಅನ್ನುವ ಈ ಹಳೇ ಮಾದರಿಯ ಕ್ಯಾಬಿನೆಟ್‌ನ ಹಿಂದೆ ಕೀಬೋರ್ಡ್‌ಗೊಂದು ದುಂಡು ತೂತು ಬಿಟ್ಟರೆ ಬೋರ್ಡ್‌ನ ಪೋರ್ಟ್‌ಗಳಿಗೆ ಬೇರೆ ದಾರಿಯೇ ಇಲ್ಲ. ಕಾಮಾಕ್ಷಿಪಾಳ್ಯದ ಒಂದು ಫ್ಯಾಬ್ರಿಕೇಶನ್ ಶಾಪಿನ ಅಣ್ಣ ಗ್ರೈಂಡರ್‌ನಲ್ಲಿ ತಗಡು ಕತ್ತರಿಸಿ, ಕೈ ಕುಯ್ಯದ ಹಾಗೆ ಅಂಚಿಗೆ ಅರ ಹಾಕಿ ಕೊಟ್ಟರು.

ನೀವೂ ಈ ಕೆಲಸಕ್ಕೆ ಕೈ ಹಾಕುವುದಾದರೆ ಒಂದು ವಿಷಯ ಮರೆಯಬೇಡಿ. ಎಟಿ ಕ್ಯಾಬಿನೆಟ್‌ನ ಮುಂದಿನ ಪವರ್ ಸ್ವಿಚ್‌ಗೆ ನೇರವಾಗಿ 230 ವೋಲ್ಟ್ ಬರುತ್ತಿತ್ತು. ಆ ವೈರ್‌ಗಳನ್ನು ಪೂರ್ತಿ ತೆಗೆದುಹಾಕಿ. ಒತ್ತಿದರೆ ಒಳಗೇ ನಿಲ್ಲುವ ಸ್ವಿಚ್ ಅದು. ಅದರಲ್ಲಿರುವ ಸಣ್ಣ ತಂತಿಯ ಲಾಕ್ ತೆಗೆದೆ, ಬೆರಳು ಎತ್ತಿದ ಕೂಡಲೇ ವಾಪಸ್ ಬರುತ್ತದೆ, ಈಗಿನ ಬೋರ್ಡ್‌ಗೆ ಬೇಕಾಗಿರುವುದು ಅಷ್ಟೇ.

ಜಾಸ್ತಿ ದಿನ ಹಿಡಿದಿದ್ದು ಬಿಸಿ. 486 ಎಳೆಯುತ್ತಿದ್ದದ್ದು ಕೆಲವೇ ವಾಟ್, ಹಾಗಾಗಿ ಎಸ್‌ಎಂಪಿಎಸ್ ಫ್ಯಾನ್ ಒಂದೇ ಇಡೀ ಡಬ್ಬಕ್ಕೆ ಸಾಕಾಗುತ್ತಿತ್ತು. ನನ್ನ ಪ್ರೊಸೆಸರ್ 65 ವಾಟ್‌ನದು. ವಿಡಿಯೊ ರೆಂಡರ್‌ಗೆ ಹಾಕಿದರೆ 91 ಡಿಗ್ರಿ ಮುಟ್ಟುತ್ತಿತ್ತು, ಇದರ ಮಿತಿಯೇ 95! ಹೀಟ್‌ಸಿಂಕ್ ಬದಲಿಸಿದೆ, ಪೇಸ್ಟ್ ಮತ್ತೆ ಹಚ್ಚಿದೆ, ಏನೂ ಆಗಲಿಲ್ಲ. ಒಂದು ಸಂಜೆ ಬೇಸರಕ್ಕೆ ಸುಮ್ನೆ ಮುಚ್ಚಳ ತೆಗೆದಿಟ್ಟೆ. ಹತ್ತು ನಿಮಿಷದಲ್ಲಿ 74ಕ್ಕೆ ಇಳಿಯಿತು. ಪ್ರೊಸೆಸರ್ ಮೇಲಿನ ಫ್ಯಾನ್ ಚೆನ್ನಾಗೇ ಇತ್ತು, ಅದಕ್ಕೆ ತಣ್ಣನೆ ಗಾಳಿ ಸಿಗುತ್ತಿರಲಿಲ್ಲ ಅಷ್ಟೇ.

ಮುಖ ಮುಟ್ಟುವ ಹಾಗಿಲ್ಲವಲ್ಲ, ಅದಕ್ಕೆ ತಳ ಕೊರೆಸಿದೆ. ಅಲ್ಲಿ 120 ಮಿಲಿಮೀಟರ್ ಫ್ಯಾನ್, ಕೆಳಗೆ ಗಾಳಿ ಬರಲಿ ಅಂತ ಎತ್ತರದ ರಬ್ಬರ್ ಬುಷ್. ನಮ್ಮ ರಸ್ತೆಯ ಧೂಳಿಗೆ ಕಿಟಕಿಯ ಸೊಳ್ಳೆ ಮೆಶ್‌ನ ತುಂಡು ಸಿಗಿಸಿದೆ, ತಿಂಗಳಿಗೊಮ್ಮೆ ತೊಳೆದರೆ ಆಯಿತು. ಬಿಸಿ ಗಾಳಿ ಹೊರಗೆ ಹೋಗಲು ಹಿಂದೆ ಕಾರ್ಡ್ ಸ್ಲಾಟ್ ಮುಚ್ಚುವ ಎರಡು ತಗಡಿನ ಪಟ್ಟಿ ತೆಗೆದೆ. ಈಗ ಮುಚ್ಚಳ ಹಾಕಿಯೇ 77 ಡಿಗ್ರಿ.

ಇನ್ನು ಟರ್ಬೊ ಬಟನ್. ಆ ಡಿಸ್‌ಪ್ಲೇ ಸ್ಪೀಡನ್ನು ಅಳೆಯುತ್ತಲೇ ಇರಲಿಲ್ಲ, ಅದರ ಹಿಂಬದಿಯಲ್ಲಿ ಜಂಪರ್ ಅನ್ನುವ ಸಣ್ಣ ಕ್ಲಿಪ್‌ಗಳನ್ನು ಹೇಗೆ ಹಾಕಿದ್ದಾರೋ ಆ ಅಂಕಿ ತೋರಿಸುತ್ತಿತ್ತು. ಬಟನ್‌ನಲ್ಲಿ ಎರಡು ಜೊತೆ ಕಾಲುಗಳಿವೆ: ಒಂದು ಡಿಸ್‌ಪ್ಲೇಗೆ, ಇನ್ನೊಂದು ಹಳೇ ಬೋರ್ಡ್‌ಗೆ. ಖಾಲಿಯಾದ ಆ ಎರಡನೇ ಜೊತೆಗೆ ತಳದ ಫ್ಯಾನ್ ಕಟ್ಟಿದೆ, ಬಟನ್ ಒತ್ತದಿದ್ದಾಗ ಸ್ಪೀಡ್ ಕಮ್ಮಿ ಇರಲಿ ಅಂತ ಮಧ್ಯೆ ಒಂದು ರೆಸಿಸ್ಟರ್ ಇಟ್ಟು. ದಿನಾ ಡಿಸ್‌ಪ್ಲೇಯಲ್ಲಿ 33 ಇರುತ್ತದೆ, ಫ್ಯಾನ್ ಮೆಲ್ಲಗೆ ತಿರುಗುತ್ತದೆ. ರೆಂಡರ್‌ಗೆ ಕೂತಾಗ ಬಟನ್ ಒತ್ತಿದರೆ ಅಂಕಿ 66 ಆಗುತ್ತದೆ, ಕೆಳಗಿನಿಂದ ಗಾಳಿಯ ಸದ್ದು ಏರುತ್ತದೆ.

ಮಾವನಿಗೆ ಇನ್ನೂ ತೋರಿಸಿಲ್ಲ. ಭಾನುವಾರ ಬರುತ್ತಾರೆ, ಆ ಬಟನ್ ಅವರೇ ಒತ್ತಲಿ.