ಬಳೆಯೋ ಬಲೆಯೋ: ಡೊಮೈನ್ ಹೆಸರು ಕೊಳ್ಳುವ ದಿನ

ಡೊಮೈನ್ ಹೆಸರು, ಅಂದರೆ ವೆಬ್‌ಸೈಟಿನ ವಿಳಾಸವಾಗುವ ಹೆಸರು, ಕೊಳ್ಳುವುದು ಹತ್ತು ನಿಮಿಷದ ಕೆಲಸ. ಆದರೆ ಅದಕ್ಕೆ ಮೊದಲು ಅರ್ಧ ದಿನ, ಆಮೇಲೆ ಇನ್ನರ್ಧ ದಿನ ಬೇಕು. ಸಣ್ಣ ಉದ್ಯಮಗಳು ಎಡವುವುದು ನಡುವಿನ ಹತ್ತು ನಿಮಿಷವನ್ನಷ್ಟೇ ಮಾಡಿ ಕೈತೊಳೆದುಕೊಂಡಾಗ. ಆ ಒಂದು ದಿನ ಹೇಗೆ ಸಾಗಬೇಕು ಎಂಬುದನ್ನು ಬೆಳಗಿನಿಂದಲೇ ಶುರುಮಾಡಿ ಹೇಳುವುದು ಒಳ್ಳೆಯದು.

ಬೆಳಿಗ್ಗೆ ಕಂಪ್ಯೂಟರ್ ಬೇಡ, ಕಾಗದ ಸಾಕು. ಬಳೆ ಮಾಡಿ ಮಾರುವ ಪುಟ್ಟ ಉದ್ಯಮವೊಂದಕ್ಕೆ ಹೆಸರು ಹುಡುಕುತ್ತಿದ್ದೀರಿ ಎಂದುಕೊಳ್ಳಿ. ಕನ್ನಡದಲ್ಲಿ ಬರೆದರೆ 'ಬಳೆ' ಎಷ್ಟು ಚೊಕ್ಕ! ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬಿ, ಎ, ಎಲ್, ಇ ಎಂದು ಬರೆದು, ಸಂಗತಿ ಗೊತ್ತಿಲ್ಲದವರ ಕೈಗೆ ಕೊಟ್ಟು ಓದಿಸಿ. ಒಬ್ಬರು 'ಬಲೆ' ಎನ್ನುತ್ತಾರೆ, ಇನ್ನೊಬ್ಬರು 'ಬಾಳೆ', ಕನ್ನಡ ಬಾರದವರು 'ಬೇಲ್'. ಗಿರಾಕಿಯನ್ನು ಬಲೆಗೆ ಕರೆದ ಹಾಗಾಯಿತು. ಳ ಮತ್ತು ಲ, ಣ ಮತ್ತು ನ, ಹ್ರಸ್ವ ಮತ್ತು ದೀರ್ಘ, ಇವೆಲ್ಲ ನಮ್ಮ ಕಿವಿಗೆ ಬೇರೆ ಬೇರೆ. ಆ 26 ಅಕ್ಷರಗಳಿಗೆ ಇಳಿದಾಗ ಒಂದೇ. 'ಹಳ್ಳಿ' ಹೆಸರಿನ ಉದ್ಯಮ 'ಹಲ್ಲಿ'ಯಾಗಲು ಕ್ಷಣ ಸಾಕು.

ತೊಂದರೆ ತಿರುಗುಮುರುಗಾಗಿಯೂ ಬರುತ್ತದೆ. ಒಂದೇ ಪದವನ್ನು ನಾಲ್ಕು ಜನ ನಾಲ್ಕು ಥರ ಟೈಪ್ ಮಾಡುತ್ತಾರೆ. 'ದೀಪ'ದ ನಡುವೆ ಕೆಲವರಿಗೆ ಎರಡು ಇ, ಕೆಲವರಿಗೆ ಒಂದು ಐ. 'ಹೂವು' ಬರೆಯುವಾಗ ಎರಡು ಓ ಹಾಕುವವರಿದ್ದಾರೆ, ಯು ಹಾಕುವವರಿದ್ದಾರೆ, ವಿ ಇರಬೇಕಾದಲ್ಲಿ ಡಬ್ಲ್ಯೂ ಹಾಕುವವರೂ ಇದ್ದಾರೆ. 'ತ'ಗೆ ಬರೀ ಟಿ ಬರೆಯುವವರು, ಟಿ ಪಕ್ಕ ಎಚ್ ಸೇರಿಸುವವರು ಬೇರೆ. ಇವರಲ್ಲಿ ತಪ್ಪು ಮಾಡಿದವರು ಯಾರೂ ಇಲ್ಲ. ಆದರೆ ವೆಬ್‌ಸೈಟ್ ವಿಳಾಸಕ್ಕೆ ಸರಿಯಾದದ್ದು ಒಂದೇ ರೂಪ, ಉಳಿದವರೆಲ್ಲ ಖಾಲಿ ಪುಟಕ್ಕೋ ಬೇರೆಯವರ ಅಂಗಡಿಗೋ ಹೋಗಿ ನಿಲ್ಲುತ್ತಾರೆ.

ಪರೀಕ್ಷೆ ಸುಲಭ. ಐದು ಜನಕ್ಕೆ ಫೋನ್ ಮಾಡಿ, ಹೆಸರನ್ನು ಒಂದೇ ಸಲ ಹೇಳಿ, ಅಕ್ಷರ ಬಿಡಿಸಿ ಹೇಳದೆ ಬರೆಸಿಕೊಳ್ಳಿ. ನಾಲ್ವರು ಒಂದೇ ರೀತಿ ಬರೆದರೆ ಹೆಸರು ಗೆದ್ದಿತು. ಮೂವರು ಒಂದು ಥರ, ಇಬ್ಬರು ಇನ್ನೊಂದು ಥರ ಬರೆದರೆ ಎರಡೂ ಕಾಗುಣಿತಗಳನ್ನು ಕೊಳ್ಳಿ. ಒಂದನ್ನು ಮುಖ್ಯವಾಗಿಟ್ಟು ಇನ್ನೊಂದನ್ನು ಅದಕ್ಕೆ ಶಾಶ್ವತವಾಗಿ ತಿರುಗಿಸಿದರಾಯಿತು (301 ರೀಡೈರೆಕ್ಟ್ ಎನ್ನುವುದು ಇದನ್ನೇ). ಐವರೂ ಐದು ಥರ ಬರೆದರೆ ಹೆಸರನ್ನೇ ಬಿಟ್ಟುಬಿಡಿ, ಎಷ್ಟೇ ಪ್ರೀತಿಯಿದ್ದರೂ.

ನಿಯಮಗಳ ಪ್ರಕಾರ ಚುಕ್ಕೆಗಳ ನಡುವಿನ ಒಂದು ತುಂಡಿನಲ್ಲಿ 63 ಅಕ್ಷರಗಳವರೆಗೆ ಇರಬಹುದು. ಅಕ್ಷರ, ಅಂಕಿ, ಅಡ್ಡಗೆರೆ ಇಷ್ಟಕ್ಕೇ ಜಾಗ. ಅಡ್ಡಗೆರೆ ಮೊದಲಿಗೂ ಕೊನೆಗೂ ಬರುವಂತಿಲ್ಲ. ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲ. 63 ಇದೆಯೆಂದು ಯಾರೂ ತುಂಬಿಸಬೇಕಾಗಿಲ್ಲ. 14 ದಾಟಿತೆಂದರೆ ಬೋರ್ಡಿನ ಮೇಲೆ ಅಕ್ಷರಗಳು ಇರುವೆಯ ಸಾಲಾಗುತ್ತವೆ. ಅಡ್ಡಗೆರೆ ಹಾಕಿದರೆ ಪ್ರತಿ ಸಲವೂ 'ನಡುವೆ ಗೆರೆ ಇದೆ' ಎಂದು ಹೇಳುತ್ತಿರಬೇಕು. ಅಂಕಿ ಇದ್ದರೆ ಅದನ್ನು ಅಂಕಿಯಾಗಿ ಬರೆಯಬೇಕೋ ಅಕ್ಷರದಲ್ಲೋ ಎಂಬ ಪ್ರಶ್ನೆ ತಪ್ಪುವುದಿಲ್ಲ. ಎರಡು ಪದ ಕೂಡಿಸುವಾಗ ಇನ್ನೊಂದು ಅಪಾಯವಿದೆ, ಪದಗಳ ನಡುವಿನ ಜಾಗ ಮಾಯವಾಗಿ ಹೊಸ ಪದ ಹುಟ್ಟುವುದು. 'ಎಕ್ಸ್‌ಪರ್ಟ್ಸ್ ಎಕ್ಸ್‌ಚೇಂಜ್' ಎಂಬ ತಾಣದ ಹೆಸರು ಕೂಡಿ ಬರೆದಾಗ 'ಎಕ್ಸ್‌ಪರ್ಟ್ ಸೆಕ್ಸ್ ಚೇಂಜ್' ಎಂದು ಓದಿಸಿಕೊಂಡು, ಕೊನೆಗೆ ಅವರು ನಡುವೆ ಗೆರೆ ಹಾಕಿಕೊಳ್ಳಬೇಕಾಯಿತು. ಕನ್ನಡದಲ್ಲಿ ಚಂದ, ಇಂಗ್ಲಿಷಿನಲ್ಲಿ ಬೈಗುಳ ಎನ್ನುವಂಥ ಜೋಡಣೆಗಳೂ ಇರುತ್ತವೆ. ಎರಡೂ ಭಾಷೆ ಬಲ್ಲ ಹದಿಹರೆಯದವರಿಗೆ ಒಮ್ಮೆ ತೋರಿಸಿ, ಹೊಳೆಯುವುದಿದ್ದರೆ ಮೊದಲು ಅವರಿಗೇ ಹೊಳೆಯುತ್ತದೆ.

ಕನ್ನಡ ಲಿಪಿಯಲ್ಲೇ ಯಾಕೆ ಕೊಳ್ಳಬಾರದು? ಆ ಸೌಲಭ್ಯ ಕೊಡುವ ಕೊನೆಚುಕ್ಕೆಗಳಿವೆ (ಕೊನೆಚುಕ್ಕೆ ಎಂದರೆ ಡಾಟ್ ಕಾಮ್‌ನಂತೆ ಹೆಸರಿನ ಕೊನೆಗೆ ಬರುವ ತುಂಡು). ಒಳಗೆ ಆಗುವುದಿಷ್ಟು: ಕನ್ನಡದ ಹೆಸರು 'ಎಕ್ಸ್ ಎನ್' ಮತ್ತು ಎರಡು ಗೆರೆಗಳಿಂದ ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸರಪಳಿಯಾಗಿ ಬದಲಾಗುತ್ತದೆ. 63ರ ಮಿತಿ ಆ ಸರಪಳಿಗೆ ಅನ್ವಯ, ನಿಮಗೆ ಕಾಣುವ ಕನ್ನಡಕ್ಕಲ್ಲ. ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ, ನೋಡಲು ಹೆಮ್ಮೆಯೂ ಆಗುತ್ತದೆ. ಆದರೆ ಇಮೇಲ್ ವಿಳಾಸವಾಗಿ ಕೊಟ್ಟರೆ ಎಷ್ಟೋ ಅರ್ಜಿ ನಮೂನೆಗಳು 'ವಿಳಾಸ ತಪ್ಪಾಗಿದೆ' ಎನ್ನುತ್ತವೆ. ಕಾಪಿ ಮಾಡಿ ಬೇರೆಡೆ ಅಂಟಿಸಿದಾಗ ಕೆಲವೊಮ್ಮೆ ಆ ಸರಪಳಿಯೇ ಕಾಣಿಸಿಕೊಂಡು, ನೋಡಿದವರು ವಂಚನೆಯ ಕೊಂಡಿಯೆಂದು ಹೆದರುತ್ತಾರೆ. ಬೋರ್ಡಿಗೆ, ಭಿತ್ತಿಪತ್ರಕ್ಕೆ ಎರಡನೇ ಹೆಸರಾಗಿ ಇಟ್ಟುಕೊಳ್ಳಿ. ಒಂದನೇ ಹೆಸರು ಸದ್ಯಕ್ಕೆ ಇಂಗ್ಲಿಷ್ ಅಕ್ಷರದಲ್ಲೇ ಇರಲಿ ಎನ್ನುವುದು ನೋವಿನ ಮಾತಾದರೂ ನಿಜ.

ಕೊನೆಚುಕ್ಕೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಜನ ಅರೆಮನಸ್ಸಿನಲ್ಲಿ ಟೈಪ್ ಮಾಡುವುದು ಡಾಟ್ ಕಾಮ್. ಅದು ಸಿಕ್ಕರೆ ಕೊಳ್ಳಿ. ಸಿಗದಿದ್ದರೆ ನಿಮ್ಮ ಗಿರಾಕಿಗಳಿರುವ ದೇಶದ ಎರಡಕ್ಷರದ ಚುಕ್ಕೆ ಸಾಕು. ಆದರೆ ಅಂದಕ್ಕಾಗಿ ಮಾತ್ರ ಪರದೇಶದ ಚುಕ್ಕೆ ಕೊಳ್ಳುವ ಮುನ್ನ ಒಂದು ಸಂಗತಿ ತಿಳಿದಿರಲಿ: ಎರಡಕ್ಷರದ್ದೆಲ್ಲವೂ ದೇಶದ ಅಥವಾ ಪ್ರದೇಶದ ಗುರುತು, ಅಲ್ಲಿನ ನಿಯಮವೇ ಅಂತಿಮ. ಡಾಟ್ ಎಲ್‌ವೈ ಲಿಬಿಯಾದ್ದು. 2010ರಲ್ಲಿ ಅಲ್ಲಿನ ಆಡಳಿತ, ವಿಷಯ ತಮ್ಮ ಕಾನೂನಿಗೆ ಒಗ್ಗುವುದಿಲ್ಲವೆಂದು ಒಂದು ಕಿರುಕೊಂಡಿ ಸೇವೆಯ ಹೆಸರನ್ನೇ ಕಿತ್ತುಕೊಂಡಿತು. ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟ ಮೇಲೆ ಅಲ್ಲಿನ ಎಷ್ಟೋ ಸಂಸ್ಥೆಗಳು ಡಾಟ್ ಇಯು ಹೆಸರು ಇಟ್ಟುಕೊಳ್ಳುವ ಅರ್ಹತೆಯನ್ನೇ ಕಳೆದುಕೊಂಡವು. ಡಾಟ್ ಆಪ್, ಡಾಟ್ ಡೆವ್ ಕೊಂಡರೆ ಭದ್ರತಾ ಪ್ರಮಾಣಪತ್ರವಿಲ್ಲದೆ ಬ್ರೌಸರ್ ತಾಣವನ್ನು ತೆರೆಯುವುದೇ ಇಲ್ಲ. ಪ್ರಮಾಣಪತ್ರ ಉಚಿತವಾಗಿಯೂ ಸಿಗುವುದರಿಂದ ಅದೇನೂ ದೊಡ್ಡ ಅಡ್ಡಿಯಲ್ಲ.

ಮಧ್ಯಾಹ್ನಕ್ಕೆ ಮೂರು ಹೆಸರು ಉಳಿದಿರಬೇಕು. ಈಗ ಅವುಗಳ ಹಿಂದಿನ ಜನ್ಮ ನೋಡಬೇಕು. ಖಾಲಿಯಿರುವ ಹೆಸರು ಹೊಸದೇ ಆಗಿರಬೇಕೆಂದಿಲ್ಲ. ಯಾರೋ ಬಳಸಿ ಬಿಟ್ಟದ್ದಿರಬಹುದು. ಹಳೆಯ ಪುಟಗಳನ್ನು ಕೂಡಿಡುವ ವೇಬ್ಯಾಕ್ ಮಷಿನ್‌ನಲ್ಲಿ ಹೆಸರು ಹಾಕಿ ನೋಡಿ. ಜೂಜು, ನಕಲಿ ಔಷಧಿ, ಅಶ್ಲೀಲ ಪುಟ ಏನಾದರೂ ಕಂಡರೆ ಮುಂದಿನ ಹೆಸರಿಗೆ ಹೋಗಿ. ಅಂಥ ಹೆಸರು ಇಮೇಲ್ ಅಂಚೆಯ ಕಪ್ಪುಪಟ್ಟಿಗಳಲ್ಲಿ ಸಿಕ್ಕಿಕೊಂಡಿದ್ದರೆ ನೀವು ಕಳಿಸುವ ಬಿಲ್ಲೆಲ್ಲ ಸ್ಪ್ಯಾಮ್ ಡಬ್ಬಿಗೆ ಬೀಳುತ್ತದೆ, ಕಾರಣ ತಿಳಿಯುವಷ್ಟರಲ್ಲಿ ತಿಂಗಳು ಕಳೆದಿರುತ್ತದೆ. ಜೊತೆಗೆ ಟ್ರೇಡ್‌ಮಾರ್ಕ್ ದಾಖಲೆಯಲ್ಲೂ ಹುಡುಕಿ. ಬೇರೆಯವರ ಗುರುತನ್ನು ಹೋಲುವ ಹೆಸರನ್ನು ದುರುದ್ದೇಶದಿಂದ ಕೊಂಡರೆ ಕಿತ್ತುಕೊಳ್ಳಲು ಯುಡಿಆರ್‌ಪಿ ಎಂಬ ವ್ಯವಸ್ಥೆ 1999ರಿಂದಲೇ ಇದೆ.

ಖಾಲಿಯಿದೆ ಎಂದು ಖಾತ್ರಿಯಾದ ಮೇಲೆ ರಾತ್ರಿಗೆ ದೂಡಬೇಡಿ, ಅಂದೇ ಕೊಳ್ಳಿ. ಕೊಳ್ಳುವುದು ಎಂಬ ಮಾತೇ ಇಲ್ಲಿ ಅರ್ಧ ಸುಳ್ಳು. ಡೊಮೈನ್ ಹೆಸರು ಬಾಡಿಗೆ ಮನೆ. ಡಾಟ್ ಕಾಮ್‌ನಂಥವುಗಳಲ್ಲಿ ಒಂದು ಸಲಕ್ಕೆ ಗರಿಷ್ಠ 10 ವರ್ಷದ ಬಾಡಿಗೆ ಮುಂಗಡ ಕಟ್ಟಬಹುದು, ಅಷ್ಟೆ. ಆದ್ದರಿಂದ ಮೊದಲ ವರ್ಷದ ರಿಯಾಯಿತಿ ಬೆಲೆ ನೋಡಬೇಡಿ, ನವೀಕರಣದ ಬೆಲೆ ನೋಡಿ. ಅದನ್ನು ಸಣ್ಣ ಅಕ್ಷರದಲ್ಲಿ ಎಲ್ಲೋ ಕೆಳಗೆ ಬರೆದಿರುತ್ತಾರೆ. 'ಪ್ರೀಮಿಯಂ' ಎಂದು ಗುರುತಿಸಿದ ಹೊಸ ಚುಕ್ಕೆಯ ಹೆಸರಾದರೆ ಪ್ರತಿ ವರ್ಷವೂ ಹೆಚ್ಚಿನ ದರವೇ ಇರಬಹುದು. ಬುಟ್ಟಿಯಲ್ಲಿ ತಾನಾಗಿ ಬಂದು ಕೂರುವ ಹೋಸ್ಟಿಂಗ್ (ತಾಣವನ್ನು ಇಡುವ ಜಾಗ), ತಾಣ ಕಟ್ಟುವ ಉಪಕರಣ, ಹಣ ಕೊಡಬೇಕಾದ ಪ್ರಮಾಣಪತ್ರ ಎಲ್ಲವನ್ನೂ ತೆಗೆದುಹಾಕಿ. ಬೇಕಾದರೆ ನಾಳೆಯೂ ಸಿಗುತ್ತವೆ. ಕಾಗುಣಿತವನ್ನು ಹಣ ಕಟ್ಟುವ ಮುನ್ನ ಹಿಂದಿನಿಂದ ಮುಂದಕ್ಕೆ ಒಂದೊಂದೇ ಅಕ್ಷರವಾಗಿ ಓದಿ. ನೋಂದಣಿಯಾದ ಹೆಸರಿನಲ್ಲಿ ಅಕ್ಷರ ತಿದ್ದುವ ದಾರಿಯೇ ಇಲ್ಲ, ಇನ್ನೊಂದು ಕೊಳ್ಳಬೇಕಷ್ಟೆ.

ಹಣ ಕಟ್ಟಿದ ತಕ್ಷಣದ ಕೆಲಸಗಳೇ ಇಡೀ ದಿನದಲ್ಲಿ ಮುಖ್ಯವಾದವು. ನೋಂದಣಿ ಖಾತೆ ಯಾರ ಹೆಸರಿನಲ್ಲಿದೆ? ಉದ್ಯಮದ ಮಾಲೀಕರದ್ದೇ ಆಗಿರಬೇಕು. ತಾಣ ಮಾಡಿಕೊಡುವವರು 'ನಾವೇ ಕೊಳ್ಳುತ್ತೇವೆ ಬಿಡಿ' ಎಂದಾಗ ತಲೆಯಾಡಿಸುವುದು ಸುಲಭ. ದಾಖಲೆಯಲ್ಲಿ ಅವರ ಹೆಸರಿದ್ದರೆ ಹೆಸರು ಅವರದ್ದು. ಮೂರು ವರ್ಷದ ನಂತರ ಅವರು ವ್ಯವಹಾರ ಮುಚ್ಚಿದರೂ, ನಿಮ್ಮೊಂದಿಗೆ ಮನಸ್ತಾಪವಾದರೂ ಬೋರ್ಡು, ಚೀಟಿ, ಇಮೇಲ್ ಎಲ್ಲವೂ ಅವರ ಕೈಯಲ್ಲಿ. ಅವರಿಗೆ ಕೆಲಸಕ್ಕೆ ಬೇಕಾದ ಪ್ರವೇಶ ಕೊಡಿ, ಖಾತೆ ಕೊಡಬೇಡಿ.

ಎರಡನೆಯದು, ಆ ಖಾತೆಗೆ ಕೊಟ್ಟ ಇಮೇಲ್. ಹೊಸ ಡೊಮೈನ್ ಬಂದ ಖುಷಿಯಲ್ಲಿ ಅದೇ ಡೊಮೈನಿನ ವಿಳಾಸವನ್ನು ಅಲ್ಲಿ ತುಂಬುವವರು ಬಹಳ. ಅದು ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬಾಗಿಲೆಳೆದಂತೆ. ಹೆಸರಿನ ಅವಧಿ ಮುಗಿದರೆ ಆ ಇಮೇಲೂ ಸಾಯುತ್ತದೆ, ನೆನಪಿನ ಪತ್ರ ಬರುವುದಿಲ್ಲ, ಪಾಸ್‌ವರ್ಡ್ ಬದಲಿಸುವ ಕೊಂಡಿಯೂ ಬರುವುದಿಲ್ಲ. ಬೇರೆ ಕಡೆಯ, ನೀವು ದಿನಾ ನೋಡುವ ಇಮೇಲ್ ಕೊಡಿ. ಕೊಂಡ ದಿನವೇ ಅದಕ್ಕೆ ಪರಿಶೀಲನೆಯ ಪತ್ರ ಬರುತ್ತದೆ. 15 ದಿನದೊಳಗೆ ಅದರಲ್ಲಿರುವ ಕೊಂಡಿ ಒತ್ತದಿದ್ದರೆ ಡೊಮೈನನ್ನು ತಡೆಹಿಡಿಯುತ್ತಾರೆ. 'ಎರಡು ವಾರ ಚೆನ್ನಾಗಿತ್ತು, ಇದ್ದಕ್ಕಿದ್ದಂತೆ ತಾಣ ಕಾಣುತ್ತಿಲ್ಲ' ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಸ್ಪ್ಯಾಮಿನಲ್ಲಿ ಬಿದ್ದ ಈ ಪತ್ರವೇ. ಆಮೇಲೆ ಎರಡು ಹಂತದ ಲಾಗಿನ್, ವರ್ಗಾವಣೆಗೆ ಬೀಗ, ತಾನಾಗಿ ನವೀಕರಣ ಇವು ಮೂರನ್ನೂ ಆನ್ ಮಾಡಿ.

ತಾನಾಗಿ ನವೀಕರಣ ಇದ್ದರೂ ಕೆಡುತ್ತದೆ. ಕಾರ್ಡಿನ ಅವಧಿ ಮುಗಿದಿರುತ್ತದೆ, ಇಲ್ಲವೇ ಬ್ಯಾಂಕು ಹಣ ತಡೆದಿರುತ್ತದೆ. ಡಾಟ್ ಕಾಮ್‌ನಂಥ ಹೆಸರುಗಳಿಗೆ ಅವಧಿ ಮುಗಿಯುವ ಸುಮಾರು ಒಂದು ತಿಂಗಳ ಮೊದಲು ಒಂದು, ಒಂದು ವಾರ ಮೊದಲು ಇನ್ನೊಂದು ಪತ್ರ ಕಳಿಸಬೇಕೆಂಬ ನಿಯಮವಿದೆ. ಅವಧಿ ಮುಗಿದ ಮೇಲೆ ಮಾರಿದವರನ್ನು ಅವಲಂಬಿಸಿ 0ಯಿಂದ 45 ದಿನಗಳವರೆಗೆ ಮಾಮೂಲು ದರದಲ್ಲಿ ಉಳಿಸಿಕೊಳ್ಳುವ ಅವಕಾಶ. ಆದರೆ ಅಷ್ಟರಲ್ಲೇ ತಾಣ, ಇಮೇಲ್ ನಿಂತಿರಬಹುದು, ಕೆಲವರು ಹೆಸರನ್ನು ಹರಾಜಿಗೂ ಇಡುತ್ತಾರೆ. ಅದೂ ದಾಟಿದರೆ 30 ದಿನಗಳ ವಿಮೋಚನಾ ಅವಧಿ, ಇಲ್ಲಿ ದಂಡ ಸೇರಿ ಬಿಲ್ಲು ಹಲವು ಪಟ್ಟಾಗುತ್ತದೆ. ಕೊನೆಯ 5 ದಿನ ಯಾರೂ ಏನೂ ಮಾಡುವಂತಿಲ್ಲ. ಅದು ಕಳೆದ ಕೂಡಲೇ ಹೆಸರು ಬಯಲಿಗೆ ಬೀಳುತ್ತದೆ, ಅದಕ್ಕಾಗಿಯೇ ಕಾದು ಕುಳಿತ ಯಂತ್ರಗಳು ಕ್ಷಣಾರ್ಧದಲ್ಲಿ ಎತ್ತಿಕೊಳ್ಳುತ್ತವೆ. ಮರೆವು ಸಣ್ಣವರಿಗೆ ಮಾತ್ರ ಎಂದುಕೊಳ್ಳಬೇಡಿ: 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್, ಪಾಸ್‌ಪೋರ್ಟ್ ಡಾಟ್ ಕಾಮ್‌ನ 35 ಡಾಲರ್ ಕಟ್ಟಲು ಮರೆತು ಹಾಟ್‌ಮೇಲ್ ಲಾಗಿನ್ ಕೈಕೊಟ್ಟಿತ್ತು, ಸಂಸ್ಥೆಗೆ ಸಂಬಂಧವೇ ಇಲ್ಲದ ವ್ಯಕ್ತಿಯೊಬ್ಬರು ಆ ಹಣ ಕಟ್ಟಿದರು.

ಸಂಜೆಗೆ ಡಿಎನ್‌ಎಸ್, ಅಂದರೆ ನಿಮ್ಮ ಹೆಸರು ಹುಡುಕಿ ಬಂದವರನ್ನು ಯಾವ ಸರ್ವರಿಗೆ ಕಳಿಸಬೇಕೆಂದು ಹೇಳುವ ದಾಖಲೆಗಳು. ತಾಣಕ್ಕೆ ಎ ದಾಖಲೆ, ಅಂಚೆಗೆ ಎಂಎಕ್ಸ್ ದಾಖಲೆ, ದೃಢೀಕರಣಕ್ಕೆ ಟಿಎಕ್ಸ್‌ಟಿ ದಾಖಲೆ. ಹೊಸ ಹೆಸರಾದರೆ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಕೆಲಸ ಮಾಡುತ್ತದೆ. '48 ಗಂಟೆ ಕಾಯಿರಿ' ಎನ್ನುವ ಮಾತು ಬಂದದ್ದು ನೇಮ್‌ಸರ್ವರ್ (ಈ ದಾಖಲೆಗಳನ್ನು ಇಟ್ಟುಕೊಂಡಿರುವ ಕಂಪ್ಯೂಟರ್) ಬದಲಿಸುವಾಗಿನ ಅನುಭವದಿಂದ: ಡಾಟ್ ಕಾಮ್ ವಲಯದಲ್ಲಿ ಆ ದಾಖಲೆಯನ್ನು 1,72,800 ಸೆಕೆಂಡು, ಅಂದರೆ ಸರಿಯಾಗಿ ಎರಡು ದಿನ, ನೆನಪಿಟ್ಟುಕೊಳ್ಳಲು ಬೇರೆ ಸರ್ವರುಗಳಿಗೆ ಹೇಳಿರುತ್ತದೆ. ಮುಂದೆ ಎಂದಾದರೂ ನೇಮ್‌ಸರ್ವರ್ ಬದಲಿಸುವಿರಾದರೆ ಮೊದಲು ಹಳೆಯ ದಾಖಲೆಗಳನ್ನೆಲ್ಲ ಹೊಸ ಕಡೆ ನಕಲು ಮಾಡಿ. ತಾಣ ಮಾಡುವವರು ಎ ದಾಖಲೆ ಮಾತ್ರ ನೋಡಿ ಎಂಎಕ್ಸ್ ಮರೆಯುತ್ತಾರೆ. ತಾಣ ಥಳಥಳ ಹೊಳೆಯುತ್ತದೆ, ಇಮೇಲ್ ಮೌನವಾಗಿ ನಿಂತಿರುತ್ತದೆ.

ಇಮೇಲ್ ಕಳಿಸುವುದಿದ್ದರೆ, ಪತ್ರ ನಿಜವಾಗಿ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳು ಮೂರನ್ನೂ ಅಂದೇ ಹಾಕಿ. ನಿಮ್ಮ ಹೆಸರಿನಲ್ಲಿ ಪತ್ರ ಕಳಿಸಬಹುದಾದ ಸರ್ವರುಗಳನ್ನು ಪಟ್ಟಿಮಾಡುವ ಎಸ್‌ಪಿಎಫ್ ಸಾಲು ಒಂದೇ ಇರಬೇಕು. ಅಂಚೆಗೊಂದು, ಸುದ್ದಿಪತ್ರದ ಸೇವೆಗೊಂದು ಎಂದು ಎರಡು ಸಾಲು ಹಾಕಿದರೆ ಎರಡೂ ಅಸಿಂಧು. ಎರಡನ್ನೂ ಒಂದರಲ್ಲೇ ಸೇರಿಸಬೇಕು. ಆ ಎರಡನೇ ಕಾಗುಣಿತದ, ಇಮೇಲ್ ಬಳಸದ ಹೆಸರಿಗೂ 'ಇಲ್ಲಿಂದ ಯಾವ ಅಂಚೆಯೂ ಹೊರಡುವುದಿಲ್ಲ' ಎಂದು ಸಾರುವ ಎಸ್‌ಪಿಎಫ್ ಹಾಕಿಡಿ, ಇಲ್ಲದಿದ್ದರೆ ಕಳ್ಳರು ಅದರ ವೇಷ ತೊಟ್ಟು ಪತ್ರ ಕಳಿಸುತ್ತಾರೆ.

ಇನ್ನು ಕೆಲವು ವಾರಗಳಲ್ಲಿ ವಿಚಿತ್ರ ಪತ್ರಗಳು ಬರತೊಡಗುತ್ತವೆ. 'ನಿಮ್ಮ ಹೆಸರನ್ನು ಬೇರೆ ದೇಶದಲ್ಲಿ ಒಂದು ಕಂಪನಿ ನೋಂದಾಯಿಸಲು ಹೊರಟಿದೆ, ತಡೆಯಬೇಕಾದರೆ ಕೂಡಲೇ ಉತ್ತರಿಸಿ' ಎಂಬುದು ಹಳೆಯ ತಂತ್ರ. ಬಿಲ್ಲಿನಂತೆಯೇ ಕಾಣುವ ಇನ್ನೊಂದರಲ್ಲಿ 'ಡೊಮೈನ್' ಎಂಬ ಪದ ದಪ್ಪಕ್ಷರದಲ್ಲಿದ್ದು, ನಿಜಕ್ಕೂ ಮಾರುತ್ತಿರುವುದು ಹುಡುಕಾಟ ಯಂತ್ರಗಳಿಗೆ ಸೇರಿಸುವ ಸೇವೆ ಎಂದು ಕೆಳಗೆ ಸಣ್ಣಕ್ಷರದಲ್ಲಿರುತ್ತದೆ. ಪತ್ರದೊಳಗಿನ ಕೊಂಡಿ ಒತ್ತಬೇಡಿ. ಅವಧಿ ನಿಜವಾಗಿ ಎಂದು ಮುಗಿಯುತ್ತದೆ, ಹೆಸರನ್ನು ನೋಂದಾಯಿಸಿಕೊಟ್ಟ ಕಂಪನಿ (ರಿಜಿಸ್ಟ್ರಾರ್) ಯಾವುದು ಎಂಬುದನ್ನು ಡೊಮೈನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ ಪುಟದಲ್ಲಿ ಯಾರು ಬೇಕಾದರೂ ನೋಡಬಹುದು. ಪತ್ರದಲ್ಲಿರುವ ಕಂಪನಿಯ ಹೆಸರೂ ಅಲ್ಲಿರುವ ರಿಜಿಸ್ಟ್ರಾರ್ ಹೆಸರೂ ಬೇರೆಯಾಗಿದ್ದರೆ ಅಳಿಸಿಹಾಕಿ.