ಜಿಪ್ಸಿಗೆ ಹೊಸ ಉಸಿರು

ಭಾನುವಾರ ಪೂರ್ತಿ ಹಳೇ ಮಾರುತಿ ಜಿಪ್ಸಿ ಗಾಡಿ ಕೆಳಗೇ ಕಳೆದೆ. ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್ ಅಂದರೆ ಅಚ್ಚಿನ ನಡುವೆ ಕೂತು ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಡಬ್ಬಿ) ಆಯಿಲ್ ಇಳಿಸಿದರೆ ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣ! ಸಕಲೇಶಪುರದ ಕಡೆ ಹಳ್ಳ ದಾಟಿದಾಗ ನೀರು ಹೊಕ್ಕಿದೆ. ಬಿಸಿ ಆಕ್ಸಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಸೀಲ್ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಹೊಸ ಆಯಿಲ್ ತುಂಬಿ, ಆಕ್ಸಲ್ ಉಸಿರಾಡುವ ತೂತು, ಅಂದರೆ ಬ್ರೀದರ್‌ಗೆ, ನೀರಿನ ಬದಲು ಗಾಳಿಯನ್ನೇ ಎಳೆದುಕೊಳ್ಳಲಿ ಅಂತ ಉದ್ದದ ರಬ್ಬರ್ ಪೈಪ್ ಸಿಕ್ಕಿಸಿ, ಟೇಲ್ ಲೈಟ್‌ಗಿಂತ ಮೇಲಕ್ಕೆ ಕಟ್ಟಿದೆ. ದೊಡ್ಡ ಟೈರ್, ಸ್ನಾರ್ಕೆಲ್ (ಇಂಜಿನ್‌ಗೆ ಎತ್ತರದಿಂದ ಗಾಳಿ ಎಳೆಯುವ ಕೊಳವೆ) ಎಲ್ಲ ಆಮೇಲೆ. ದೂರದ ದಾರಿಗೆ ಮೊದಲು ಬೇಕಾದದ್ದು ಇದೇ.

ಲೀಫ್ ಸ್ಪ್ರಿಂಗ್, ಗಟ್ಟಿ ಆಕ್ಸಲ್, ಕೈಗೆ ಸಿಗುವ ಬೋಲ್ಟ್‌ಗಳು. ಈ ಗಾಡಿ ನನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ. ಅದಕ್ಕೇ ಇಷ್ಟು ಪ್ರೀತಿ ಅನ್ಸುತ್ತೆ. ಉಗುರಲ್ಲಿ ಗ್ರೀಸ್ ಇನ್ನೂ ಹೋಗಿಲ್ಲ. ಮುಂದಿನ ವಾರ ಮುಂದಿನ ಆಕ್ಸಲ್.